ಸೂತಕದ ಮನೆಯ ಮಗ್ಗ

2023ರ ನವೆಂಬರ್ 16, ಗುರುವಾರ. ಬೆಳಿಗ್ಗೆ 10 ಗಂಟೆ 40 ನಿಮಿಷ. ಮೊಳಕಾಲ್ಮೂರಿನ ನೇಕಾರರ ಓಣಿಯ ಕೊನೆಯಲ್ಲಿ, ಎಂಟು ದಿನದ ಹಿಂದೆ ಮಣ್ಣಾದವನ ಮನೆಯೊಳಗೆ ಮಗ್ಗ ಆಡುತ್ತಿತ್ತು.

ದಾಕ್ಷಾಯಿಣಿ ಬಾಗಿಲು ತಟ್ಟಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು, ಕೈಗಡಿಯಾರ ನೋಡುತ್ತ ಬಡಿತಗಳನ್ನು ಎಣಿಸಿದಳು. ನಿಮಿಷಕ್ಕೆ ಹನ್ನೊಂದು. ಮುಂದಿನ ನಿಮಿಷಕ್ಕೆ ಏಳು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.

"ಎಣಿಸೋದು ಯಾಕಮ್ಮ, ನನ್ನ ಕೇಳು." ಎದುರು ಮನೆಯ ಜಗಲಿಯ ಮೇಲೆ ಕೂತಿದ್ದ ದಾಸಣ್ಣ ಹೇಳಿದ. ಎಪ್ಪತ್ತೆಂಟು ವರ್ಷದ ಮುದುಕ, ಒಂದು ಕಾಲದ ಹೆಸರಾಂತ ನೇಕಾರ. "ಅದು ಪಾಲಾಕ್ಷನ ಮಗ್ಗ. ಮನ್ಸನ ನಡಿಗೆ ಗೊತ್ತಾದಂಗೆ ನನಗೆ ಮಗ್ಗದ ನಡಿಗೆ ಗೊತ್ತಾಗ್ತೈತೆ. ಮಣ್ಣು ಮಾಡಿ ಬಂದ ಮಾರನೇ ದಿನದಿಂದ ಅವನೇ ಕುಂತು ನೇಯ್ತಾ ಅವ್ನೆ."

"ಸತ್ತೋರು ನೇಯ್ತಾರಾ ದಾಸಣ್ಣ?"

"ಬದುಕಿರೋರೆಲ್ಲ ನೇಯೋದು ಬಿಟ್ರಲ್ಲ. ಇನ್ನು ಅವರೇ ನೇಯ್ಬೇಕು." ನಗಲಿಲ್ಲ ಅವನು. "ದೀಪಾವಳಿ ಪಾಡ್ಯದ ದಿನ ಓಣೇಲಿ ಒಂದು ಲಾಳಿ ಅಲ್ಲಾಡಿಲ್ಲ. ಅದೊಂದೇ ಸದ್ದು. ಆದ್ರೆ ಅವತ್ತಿಂದ ಸತ್ತೋನಿಗೂ ಸುಸ್ತಾಗೈತೆ ನೋಡು. ಕುಂಟ್ತೈತೆ."

ಈ ಓಣಿಯಲ್ಲಿ ಹಿಂದೆ ನಲವತ್ತೆರಡು ಮಗ್ಗಗಳಿದ್ದವು. ಈಗ ಐದು. ಉಳಿದ ಮನೆಗಳಲ್ಲಿ ನೇಕಾರ ಕಾಲಿಳಿಬಿಟ್ಟು ಕೂರುತ್ತಿದ್ದ ಕುಣಿಗಳು ಮಾತ್ರ ಇವೆ. ಕೆಲವರು ಮುಚ್ಚಿ ಟೈಲ್ಸ್ ಹಾಕಿದ್ದಾರೆ. ಮುಚ್ಚಲು ಮನಸ್ಸು ಬಾರದವರು ಮೇಲೆ ಹಲಗೆ ಹಾಸಿ ಟಿ.ವಿ. ಇಟ್ಟಿದ್ದಾರೆ. ಗಂಡಸರು ಕುದಾಪುರದ ಸಂಶೋಧನಾ ಕ್ಯಾಂಪಸ್ಸುಗಳ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ, ಹೆಂಗಸರು ಬಿ.ಜಿ. ಕೆರೆ ಕಡೆ ಶೇಂಗಾ ಕೀಳಲು ಹೋಗುತ್ತಾರೆ. ಹಗಲು ಹನ್ನೊಂದು ಗಂಟೆಗೆ ಓಣಿ ಯಾರೋ ಖಾಲಿ ಮಾಡಿಸಿದ ಹಾಗೆ ಇರುತ್ತದೆ.

ದಾಕ್ಷಾಯಿಣಿಗೆ ಇಂಥ ಮೌನ ಹೊಸದಲ್ಲ. ಚಳ್ಳಕೆರೆಯಲ್ಲಿ ಅವಳ ತಂದೆ ಶಿವಮೂರ್ತಪ್ಪನವರ ಎಣ್ಣೆ ಮಿಲ್ಲು ನಿಂತ ವರ್ಷ ಮನೆಯವರೆಲ್ಲ ನಿದ್ದೆಗೆಟ್ಟಿದ್ದರು. ಹುಟ್ಟಿದಾಗಿನಿಂದ ಕೇಳಿದ ಯಂತ್ರದ ಗುಡುಗು ಇಲ್ಲದೆ ಯಾರಿಗೂ ಕಣ್ಣು ಮುಚ್ಚುತ್ತಿರಲಿಲ್ಲ. ಒಂದು ಊರು ತನ್ನ ಕಸುಬು ಕಳೆದುಕೊಳ್ಳುವುದು ಮೊದಲು ಕಿವಿಗೆ ಗೊತ್ತಾಗುತ್ತದೆ ಎಂದು ಅವಳು ಆಗಿನಿಂದ ನಂಬಿದ್ದಳು. ಭೌತಶಾಸ್ತ್ರ ಓದಿ, ಇಪ್ಪತ್ತೆರಡು ವರ್ಷ ರೇಷ್ಮೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಎಳೆಗಳ ದಪ್ಪ, ಹುರಿ, ಬಲ ಅಳೆದು, ಸ್ವಯಂನಿವೃತ್ತಿ ತೆಗೆದುಕೊಂಡು ಊರಿಗೆ ಬಂದವಳು. ಬಂದಾಗಿನಿಂದ ಜನ ಅವಳ ಬಳಿ ತರುವುದು ಎಳೆಗಳನ್ನಲ್ಲ, ಕಳೆದುಹೋದ ಮನುಷ್ಯರ ಹೆಸರುಗಳನ್ನು.

ಈ ಸಲ ಹೆಸರು ತಂದವಳು ಪಕ್ಕದಲ್ಲೇ ನಿಂತಿದ್ದಳು. ಚಿಕ್ಕಕ್ಕ, ಚಳ್ಳಕೆರೆಯಲ್ಲಿ ಕಂಬಳಿಗೆ ಉಣ್ಣೆ ನೂಲುವವಳು. ಅವಳ ಮಗ ಮಾರಯ್ಯ ಲಗೇಜ್ ಆಟೋ ಓಡಿಸುತ್ತಾನೆ. ಐದನೇ ತಾರೀಕು ಭಾನುವಾರ ಅವನ ಆಟೋದಲ್ಲಿ ಚಳ್ಳಕೆರೆಗೆ ಹೋದ ಸ್ನೇಹಿತ ಪಾಲಾಕ್ಷ ತಿರುಗಿ ಬರಲಿಲ್ಲ. ಏಳನೇ ತಾರೀಕು ಉಳ್ಳಾರ್ತಿ ಕಾವಲಿನ ಒಣಹುಲ್ಲಿನಲ್ಲಿ ಗುರುತು ಸಿಗದಷ್ಟು ಸುಟ್ಟ ಹೆಣ ಸಿಕ್ಕಿತು, ಪಕ್ಕದಲ್ಲಿ ಪಾಲಾಕ್ಷನ ಕೈಚೀಲ. ಎಂಟರಂದು ಹೆಂಡತಿ ಶಾಂತಕುಮಾರಿ ಹೆಣ ತನ್ನ ಗಂಡನದೇ ಎಂದಳು, ಅವತ್ತೇ ಮಣ್ಣು ಮಾಡಿದರು. ಅದೇ ಸಂಜೆ, ಸತ್ತವನ ಫೋನು ಮಾರಯ್ಯನ ಆಟೋದಲ್ಲಿ ಸಿಕ್ಕಿತೆಂದು ಪೊಲೀಸರು ಅವನನ್ನು ಹಿಡಿದರು. ಡಿಎನ್‌ಎ ವರದಿ ಬರಲು ಇನ್ನೂ ವಾರಗಳು ಬೇಕು. ಇವತ್ತು ಮಧ್ಯಾಹ್ನ ಮೂರಕ್ಕೆ ಕೋರ್ಟು. ಹೊಸದೇನೂ ಸಿಗದಿದ್ದರೆ ಮಾರಯ್ಯ ಕೊಲೆ ಆರೋಪದ ಮೇಲೆ ಜೈಲಿಗೆ.

"ಅಮ್ಮಾರೆ, ಹನ್ನೊಂದಾತು," ಎಂದಳು ಚಿಕ್ಕಕ್ಕ. ಬೆಳಿಗ್ಗೆಯಿಂದ ಅವಳು ಹೇಳುತ್ತಿದ್ದುದು ಗಂಟೆಯನ್ನು ಮಾತ್ರ.

ಬಾಗಿಲ ಕಡೆ ಹೆಜ್ಜೆ ಹಾಕುವಷ್ಟರಲ್ಲಿ ಹಿಂದಿನಿಂದ ಬಿಳಿ ಕಾರೊಂದು ಬಂದು ನಿಂತಿತು. ಇಳಿದವನು ಸೂರಪ್ಪ. ಪೇಟೆ ಬೀದಿಯಲ್ಲಿ ಸೀರೆ ಅಂಗಡಿ. ಓಣಿಯ ಐದು ಮಗ್ಗಗಳಿಗೂ ರೇಷ್ಮೆ ಕೊಟ್ಟು ನೇಯಿಸುವವನು ಅವನೇ.

"ಏಮಮ್ಮಾ ದಾಕ್ಷಾಯಿಣಮ್ಮನೋರು, ಮಿಲ್ಲು ಶಿವಮೂರ್ತಪ್ಪನೋರ ಮಗಳಲ್ವಾ? ಸೂತಕದ ಮನೆಗೆ ಯಾಕೆ ಬಂದ್ರಿ?"

"ನೀವು ಯಾಕೆ ಬಂದ್ರಿ?"

"ಹಾಸು ನಂದು, ಮಗ್ಗಕ್ಕೆ ಏರಿಸಿರೋ ಉದ್ದೆಳೆ." ಮನೆಯೊಳಗಿನ ಮಗ್ಗದತ್ತ ಗದ್ದ ಎತ್ತಿ ತೋರಿಸಿದ. "ಮುಗೀತಾ ಅಂತ ನೋಡಾಕೆ ಬಂದೆ. ಸತ್ತೋನು ನೇಯ್ದ ಸೀರೆ ಅಂತ ಓಣೇಲಿ ಪುಕಾರು ಎದ್ದೈತೆ. ನನಗೇನು, ಹಂಗಂದ್ರೆ ಕೊಳ್ಳೋರು ಇನ್ನೂ ಜಾಸ್ತಿ." ಚಿಕ್ಕಕ್ಕನನ್ನು ನೋಡಿ ದನಿ ತಗ್ಗಿಸಿದ. "ಮಗಂದು ಏನಾತವ್ವ?"

ಚಿಕ್ಕಕ್ಕ ಸೆರಗು ಬಿಗಿದು ಮುಖ ತಿರುಗಿಸಿದಳು. ಸೂರಪ್ಪ ಒಳಗೆ ಹೋಗಲಿಲ್ಲ. ಬಾಗಿಲಿಗೆ ಕಿವಿ ಕೊಟ್ಟು ಒಂದು ನಿಮಿಷ ನಿಂತವನ ಮುಖದಲ್ಲಿ ವ್ಯಾಪಾರಿಯ ಸಲಿಗೆ ಇರಲಿಲ್ಲ. ಎಣಿಕೆ ಇತ್ತು. ಆಮೇಲೆ ಕಾರು ಹತ್ತಿ ಹೋದ.

ಬಾಗಿಲು ತೆರೆದವಳು ಪಾಲಾಕ್ಷನ ತಾಯಿ ಲಕ್ಷ್ಮೀದೇವಿ. ಎಪ್ಪತ್ತರ ಸಣಕಲು ದೇಹ. ಬೆರಳ ತುದಿಯಲ್ಲಿ ಹಸಿ ರೇಷ್ಮೆಯ ಹೊಳಪು.

ನಡುಮನೆಯಲ್ಲಿ ದೇವರ ಗೂಡಿಗೆ ಬಿಳಿ ಬಟ್ಟೆ ಮುಚ್ಚಿದ್ದರು. ಅದರಾಚೆಯ ಕೋಣೆಗೆ ಒಂದೇ ಬಲ್ಬು. ಕಿಟಕಿ ಹಾಕಿತ್ತು. ಕುಣಿಯಲ್ಲಿ ಕಾಲಿಳಿಬಿಟ್ಟು ಶಾಂತಕುಮಾರಿ ಕೂತಿದ್ದಳು. ಬರಿ ಹಣೆ, ಬರಿ ಕೈ. ಮುಂದೆ ಗಿಳಿಹಸಿರು ಒಡಲಿನ, ಕುಂಕುಮ ಬಣ್ಣದ ಅಂಚಿನ ಸೀರೆ.

"ಸೂತಕದಾಗೆ ಮಗ್ಗ ಮುಟ್ಟಿದೀನಿ ಅಂತ ಕೇಳಾಕೆ ಬಂದ್ರಾ ಮೇಡಂ?" ಅವಳೇ ಮೊದಲು ಮಾತಾಡಿದಳು. "ಓಣಿಯೋರೆಲ್ಲ ಕೇಳಿ ಆಗೈತೆ. ಹನ್ನೊಂದು ದಿನ ಮಗ್ಗ ನಿಲ್ಲಿಸ್ಬೇಕು, ಗೊತ್ತು. ಹೊಟ್ಟೆ ಕೇಳಲ್ಲ. ಹಾಸು ಸೂರಪ್ಪಂದು."

"ನೀವೇ ನೇಯ್ತಿದ್ದೀರಾ?"

"ನಾನು, ನಮ್ಮತ್ತೆ. ಇನ್ಯಾರು?"

ಈ ಸೀರೆಗೆ ಇಬ್ಬರು ಬೇಕೇಬೇಕು. ಒಡಲಿಗೆ ಅಡ್ಡ ಎಳೆ ಹಾಯಿಸಲು ಒಂದು ಲಾಳಿ, ಎರಡು ಅಂಚಿಗೆ ಒಂದೊಂದು. ಕುಣಿಯಲ್ಲಿ ಕೂತವನು ಒಡಲಿನ ಲಾಳಿ, ಈಚೆ ಅಂಚಿನ ಲಾಳಿ ಎಸೆದು, ಎಳೆಯನ್ನು ಒತ್ತಿ ಕೂರಿಸುವ ಬಾಚಣಿಗೆಯಂಥ ಹಣಿಗೆ ಬಡಿಯುತ್ತಾನೆ. ಆಚೆ ಅಂಚಿನ ಲಾಳಿ ಎಸೆದು, ಎರಡು ಬಣ್ಣ ಸೇರುವ ಕಡೆ ಎಳೆಗೆ ಎಳೆ ಸಿಕ್ಕಿಸಲು ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಇಲ್ಲದಿದ್ದರೆ ಅಂಚು ಒಡಲಿನಿಂದ ಬಿಟ್ಟುಕೊಳ್ಳುತ್ತದೆ.

ದಾಕ್ಷಾಯಿಣಿ ಮಗ್ಗದ ಕಂಬ ನೋಡುತ್ತಿದ್ದಳು. ಬುಡದಲ್ಲಿ ಅರಿಶಿನ, ಕುಂಕುಮ. ಮೇಲೆ ಒಂದು ಸೇವಂತಿಗೆ ಹೂವು. ಅದರ ದಳಗಳಲ್ಲಿ ಇನ್ನೂ ನೀರಿತ್ತು.

"ಹೊಟ್ಟೆಗಾಗಿ ಸೂತಕದಲ್ಲಿ ನೇಯ್ದರೆ ನನಗೆ ಅರ್ಥ ಆಗುತ್ತೆ ಶಾಂತಕುಮಾರಿ. ಆದರೆ ಸೂತಕದಲ್ಲಿ ಪೂಜೆ ಯಾರು ಮಾಡ್ತಾರೆ?"

ಶಾಂತಕುಮಾರಿಯ ಕೈ ಲಾಳಿಯ ಮೇಲೆ ನಿಂತಿತು. "ಅತ್ತೆಗೆ ಅಭ್ಯಾಸ. ಮರೆತು ಮಾಡಿರ್ತಾರೆ."

"ದೇವರ ಗೂಡು ಮುಚ್ಚೋಕೆ ಮರೆಯಲಿಲ್ಲ."

ದಾಕ್ಷಾಯಿಣಿ ಚೀಲದಿಂದ ಉಕ್ಕಿನ ಅಳತೆ ಪಟ್ಟಿ, ಎಳೆ ಎಣಿಸುವ ಪುಟ್ಟ ಮಡಚುವ ಭೂತಗನ್ನಡಿ, ಒಂದು ಸೂಜಿ ತೆಗೆದಳು. "ನೇಯ್ದಿರೋದನ್ನ ಸ್ವಲ್ಪ ಬಿಚ್ಚಿ ನೋಡಲಾ?"

ಬೇಡ ಎನ್ನಲು ಶಾಂತಕುಮಾರಿ ಬಾಯಿ ತೆರೆದಳು. ಅತ್ತೆ ಆಗಲೇ ಉರುಳೆಯ ಗೂಟ ಸಡಿಲಿಸಿದ್ದಳು.

ಸುತ್ತಿದ ಸೀರೆ ಹಿಂದಕ್ಕೆ ಬಿಚ್ಚಿಕೊಂಡಿತು. ಅಂಚಿನ ಹೊರಗೆ, ದಾರದ ಸಣ್ಣ ಗಂಟುಗಳು. ಒಂದು ಕೆಂಪು, ಒಂದು ಬಿಳಿ.

"ಇವೇನು?"

"ನಮ್ಮ ಯಜಮಾನ್ರು ಇದ್ದಾಗಿನ ಪದ್ಧತಿ," ಲಕ್ಷ್ಮೀದೇವಿ ಹೇಳಿದಳು. "ಬೆಳಿಗ್ಗೆ ಕುಂತಾಗ ಕೆಂಪು ಕಟ್ಟೋದು, ಸಂಜೆ ಏಳುವಾಗ ಬಿಳಿ. ದಿನಕ್ಕೆ ಎಷ್ಟಾತು ಅಂತ ಕಣ್ಣಿಗೇ ಕಾಣ್ತೈತೆ."

ಸಂಜೆಯ ಬಿಳಿ ಗಂಟಿಗೆ ಅಂಟಿಕೊಂಡೇ ಮರುದಿನದ ಕೆಂಪು ಗಂಟು. ಹೀಗೆ ಜೋಡಿ ಜೋಡಿಯಾಗಿ. ದಾಕ್ಷಾಯಿಣಿ ಇವತ್ತಿನ ಕೆಂಪಿನಿಂದ ಹಿಂದಕ್ಕೆ ಎಣಿಸಿದಳು. ಹದಿನೈದನೇ ತಾರೀಕು, ಹದಿನಾಲ್ಕು. ಹದಿಮೂರು ಅಮಾವಾಸ್ಯೆ. ಅಮಾವಾಸ್ಯೆಯ ದಿನ ಈ ಊರಿನಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಹನ್ನೆರಡು, ಹನ್ನೊಂದು, ಹತ್ತು, ಒಂಬತ್ತು. ಅದರ ಹಿಂದೆ ಎಳೆಯ ಗುಂಟ ತೆಳ್ಳನೆಯ ಧೂಳಿನ ಗೆರೆ. ಮಗ್ಗ ನಾಲ್ಕು ದಿನ ನಿಂತಿದ್ದ ಗುರುತು. ಗೆರೆಯ ಹಿಂದಿನದು ಪಾಲಾಕ್ಷ ಮನೆ ಬಿಡುವ ಮೊದಲು ನೇಯ್ದದ್ದು. ಮುಂದಿನದು ಅವನು ಸತ್ತ ಮೇಲಿನದು.

ಗೆರೆಯ ಹಿಂದೆ ಗಾಜು ಇಟ್ಟು ಸೂಜಿಯ ತುದಿಯಿಂದ ಹೊಕ್ಕಿನ ಅಡ್ಡ ಎಳೆ ಎಣಿಸಿದಳು. ಸೆಂಟಿಮೀಟರಿಗೆ ಮೂವತ್ತನಾಲ್ಕು. ಬೇರೆ ಎರಡು ಕಡೆಯಲ್ಲೂ ಮೂವತ್ತನಾಲ್ಕು. ಎಷ್ಟು ಜೋರಾಗಿ ಹಣಿಗೆ ಬಡಿಯಬೇಕು ಎಂಬುದನ್ನು ನೇಕಾರ ಅಳೆಯುವುದಿಲ್ಲ. ಹೆಗಲು ಅಳೆಯುತ್ತದೆ, ಇಪ್ಪತ್ತು ವರ್ಷ ಒಂದೇ ಸಮನೆ. ಪ್ರಯೋಗಾಲಯದಲ್ಲಿ ಅವಳು ಹೆಸರಿಲ್ಲದ ಸೀರೆಗಳನ್ನು ನೇಕಾರರ ಪ್ರಕಾರ ಬೇರೆ ಮಾಡಿ ಇಡುತ್ತಿದ್ದಳು. ತಪ್ಪಿದ್ದು ಕಡಿಮೆ.

ಗೆರೆಯ ಮುಂದೆ, ಒಂಬತ್ತನೇ ತಾರೀಕಿನ ಭಾಗ: ಮೂವತ್ತನಾಲ್ಕು. ಹತ್ತು: ಮೂವತ್ತನಾಲ್ಕು.

ಅವಳು ತಲೆ ಎತ್ತಿದಳು. "ಈಗ ನೀವು ಒಂದು ಬೆರಳಗಲ ನೇಯ್ದು ತೋರಿಸಿ."

"ಯಾಕೆ?"

"ನೀವೇ ನೇಯ್ದದ್ದು ಅಂದ್ರಲ್ಲ."

ಬಟ್ಟೆ ಬಿಗಿ ಮಾಡಿ ಅತ್ತೆ ಸೊಸೆ ಕೂತರು. ಒಂದು ಎಳೆ ಹೋಯಿತು. ಇನ್ನೊಂದು. ಆಚೆಯ ಲಾಳಿ ತಡವಾಗಿ ಬಂತು. ಶಾಂತಕುಮಾರಿ ಹಣಿಗೆಯನ್ನು ಎರಡು ಸಲ ಎಳೆದು ಬಡಿದಳು. ಅವಳ ತುಟಿ ಒಳಕ್ಕೆ ಹೋಗಿತ್ತು. ಒಂದು ಸೆಂಟಿಮೀಟರಿಗೆ ಮೂರು ನಿಮಿಷ ಹಿಡಿಯಿತು.

ದಾಕ್ಷಾಯಿಣಿ ಎಣಿಸಿದಳು. ಇಪ್ಪತ್ತೊಂಬತ್ತು.

"ಗೆರೆಯಿಂದ ಈಚೆಗೆ ಇರೋದು ನಿಮ್ಮ ಕೈ ಅಲ್ಲ. ಗೆರೆಗಿಂತ ಹಿಂದೆ ಇರೋ ಕೈಯೇ." ಅವಳು ದನಿ ಏರಿಸಲಿಲ್ಲ. "ಪಾಲಾಕ್ಷ ಮಣ್ಣಾದ ಮಾರನೇ ದಿನ ಇಲ್ಲಿ ಕೂತು ನೇಯ್ದಿದ್ದಾನೆ."

ಚಿಕ್ಕಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಬದುಕವ್ನಾ?" ಎಂದಳು. "ಪಾಲಾಕ್ಷ ಬದುಕವ್ನಾ?"

ಶಾಂತಕುಮಾರಿ ನೆಲ ನೋಡಿದಳು.

"ನನ್ನ ಮಗನ್ನ ಕೊಲೆಗಾರ ಅಂತ ಒಳಗೆ ಕುಂಡ್ರಿಸಿ, ನೀನು ಗಂಡನ ಜತೆ ಸೀರೆ ನೇಯ್ತಾ ಕುಂತಿದ್ಯೇನೇ? ನಿನ್ನ ಮದುವೇಲಿ ನಾನು ನೂತ ಕಂಬಳಿ ಮೇಲೆ ಕುಂತು ಅಕ್ಕಿಕಾಳು ಹಾಕಿಸ್ಕೊಂಡೋಳು ನೀನು. ಅವನು ಒಳಗೆ ಬಿದ್ದು ಎಂಟು ದಿನ ಆತು. ಎಂಟು ದಿನ."

"ಚಿಕ್ಕಕ್ಕ," ದಾಕ್ಷಾಯಿಣಿ ತಡೆದಳು.

"ಬಿಡ್ರಿ ಅಮ್ಮಾರೆ. ಹಣೆ ಅಳಿಸ್ಕೊಂಡು ನಾಟಕ ಮಾಡವ್ಳೆ. ಬಳೆ ಒಡೆದವ್ಳೆ. ಮಗ್ಗಕ್ಕೆ ಮಾತ್ರ ಹೂವು."

ಉತ್ತರ ಕೊಟ್ಟವಳು ಲಕ್ಷ್ಮೀದೇವಿ. "ಪೊಲೀಸರಿಗೆ ಸುಳ್ಳು ಹೇಳಬಹುದು. ದೇವರ ಹತ್ರ ಆಮೇಲೆ ತಪ್ಪಾತು ಅನ್ನಬಹುದು. ಮಗ್ಗಕ್ಕೆ ಸುಳ್ಳು ಹೇಳಿ ಅದರಾಗೆ ಕಾಲಿಡಾಕೆ ಆಗಲ್ಲ ಕಣವ್ವ. ಮಗ ಬದುಕಿರೋವಾಗ ಅದಕ್ಕೆ ಹೆಂಗೆ ಸೂತಕ ಹಿಡೀಲಿ?"

ಆಮೇಲೆ ಶಾಂತಕುಮಾರಿ ಹೇಳಿದಳು. ತಡವರಿಸಲಿಲ್ಲ. ಬಹುಶಃ ದಿನವೂ ಒಳಗೊಳಗೇ ಹೇಳಿಕೊಂಡಿದ್ದಳು.

ಸೂರಪ್ಪನ ಅಂಗಡಿಗೆ ಹೊರಗಿನಿಂದ ಪವರ್‌ಲೂಮ್ ಸೀರೆ ಬರುತ್ತಿತ್ತು. ಅಂಚಿಗೆ ಇಲ್ಲಿಯ ವಿನ್ಯಾಸ, ಪೆಟ್ಟಿಗೆಗೆ ಇಲ್ಲಿಯ ಊರಿನ ಹೆಸರು. ದೊಡ್ಡ ಗಿರಾಕಿ ಬಂದರೆ ಪಾಲಾಕ್ಷನ ಮಗ್ಗ ತೋರಿಸಿ, ಇಲ್ಲೇ ನೇಯ್ದದ್ದು ಎನ್ನುತ್ತಿದ್ದ. ಕಳೆದ ತಿಂಗಳು ಕುದಾಪುರದ ಕಡೆಯಿಂದ ಬಂದ ಒಬ್ಬ ಅಧಿಕಾರಿಯ ಹೆಂಡತಿ, ತಿಂಗಳಿಗೆ ಎಷ್ಟು ಸೀರೆ ಆಗುತ್ತದೆ ಎಂದು ಸುಮ್ಮನೆ ಕೇಳಿದಳು. ಪಾಲಾಕ್ಷ ಗಂಟುಗಳನ್ನು ತೋರಿಸಿದ. ಒಂದು ಸೀರೆಗೆ ಹದಿಮೂರು ದಿನ ಎಂದ. ಅಂಗಡಿಯಲ್ಲಿ ಆ ದಿನ ನೂರಾರು ಸೀರೆ ಇದ್ದವು. ಸೂರಪ್ಪನ ಮೋಸ ಬಯಲಾಯಿತು.

"ಭಾನುವಾರ ಚಳ್ಳಕೆರೆ ಸಂತೇಲಿ ನಾಲ್ಕು ಜನ, ಸೂರಪ್ಪನ ಕಡೆಯೋರೇ ಇರ್ಬೇಕು, ಸುತ್ತುಗಟ್ಟಿದ್ರಂತೆ. ಚೀಲ ಅವರ ಕೈಗೆ ಸಿಕ್ತು. ಇವರು ಫೋನು ಆಟೋದಾಗೇ ಬಿಟ್ಟು ಓಡಿದ್ರು. ಮೂರು ದಿನ ಹೊಲದಾಗೆ, ಬಂಡೆ ಸಂದಿ ಮಲಗವ್ರೆ. ಇತ್ಲಾಗೆ ಪೊಲೀಸರು ನನ್ನ ಕರೆದು ಚೀಲ ತೋರಿಸಿದ್ರು. ಚೀಲ ನಮ್ದೇ. ಹೆಣ..." ಅವಳು ನಿಲ್ಲಿಸಿದಳು. "ಅದು ಯಾರೋ ನನಗೆ ಗೊತ್ತಿಲ್ಲ ಮೇಡಂ. ಚೀಲ ಅಲ್ಲಿ ಇಟ್ಟೋರು ಇವರು ಸತ್ರು ಅಂತ ಜನ ನಂಬಲಿ ಅಂತಾನೇ ಇಟ್ಟಿರ್ಬೇಕು. ಹೌದು ಅಂದುಬಿಟ್ಟೆ. ಹೂಂ ಅಂದ್ರೆ ಹುಡುಕೋದು ನಿಲ್ಲಿಸ್ತಾರೆ ಅಂತ. ಮಣ್ಣು ಮಾಡಿದ ದಿನ ಕತ್ತಲಾದ ಮೇಲೆ ಹಿತ್ತಲ ಬಾಗ್ಲಿಗೆ ಇವರು ಬಂದ್ರು. ಹಂಗೇ ಇರಲಿ ಬಿಡು ಅಂದ್ರು."

"ಮಾರಯ್ಯನ್ನ ಹಿಡಿದದ್ದು ಗೊತ್ತಿತ್ತಾ?"

"ಮಾರನೇ ದಿನ ಗೊತ್ತಾತು. ಅವತ್ತಿಂದ ಊಟ ಮಾಡಿಲ್ಲ ಅವರು. ಹಗಲೆಲ್ಲ ನೇಯೋರು, ಆಮೇಲೆ ಅಟ್ಟ ಹತ್ತಿ ಕುಂಡ್ರೋರು."

"ಈಗ ಎಲ್ಲಿ?"

"ಬೆಳಿಗ್ಗೆ ಹೋದ್ರು. ಠಾಣೆಗೆ ಹೋಗಿ ಎಲ್ಲಾ ಹೇಳ್ತೀನಿ ಅಂತ. ಸಂಜೆಗೆ ಬರ್ತಾರೆ. ಒಂದಿನ ತಡೀರಿ ಮೇಡಂ, ನಿಮ್ಮ ಕೈ ಮುಗೀತೀನಿ."

ದಾಕ್ಷಾಯಿಣಿ ಸಬ್ ಇನ್ಸ್‌ಪೆಕ್ಟರ್ ಅಮರೇಶನಿಗೆ ಫೋನು ಮಾಡಿದಳು. ಕೇಸು ಅವನದೇ. ಠಾಣೆಗೆ ಬೆಳಿಗ್ಗೆಯಿಂದ ಅಂಥ ಯಾರೂ ಬಂದಿಲ್ಲ ಎಂದ. ಐದು ನಿಮಿಷ ಬಿಟ್ಟು ಮಾಡುತ್ತೇನೆ ಎಂದು ಫೋನು ಇಟ್ಟು, ಅವಳು ಮತ್ತೆ ಮಗ್ಗದ ಮೇಲೆ ಬಗ್ಗಿದಳು.

ಹನ್ನೊಂದು: ಮೂವತ್ತನಾಲ್ಕು. ಹನ್ನೆರಡು: ಮೂವತ್ತನಾಲ್ಕು. ಅಮಾವಾಸ್ಯೆ ದಾಟಿ ಹದಿನಾಲ್ಕು: ಇಪ್ಪತ್ತೊಂಬತ್ತು. ಹದಿನೈದು: ಇಪ್ಪತ್ತೆಂಟು.

ಅವಳು ಗಾಜು ಮಡಚಿದಳು. ಅದನ್ನು ಹೇಳಲು ಮನಸ್ಸಾಗಲಿಲ್ಲ. ಹೇಳದೆ ಇರುವಂತೆಯೂ ಇರಲಿಲ್ಲ.

"ಪಾಡ್ಯದಿಂದ ಈಚೆಗೆ ಇದು ಅವರ ಕೈ ಅಲ್ಲ ಶಾಂತಕುಮಾರಿ. ಅವರು ಹೋದದ್ದು ಇವತ್ತಲ್ಲ."

ಓಣಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತ ಹೋದ.

"ಅಮಾಸೆ ದಿನ," ಲಕ್ಷ್ಮೀದೇವಿ ಹೇಳಿದಳು. "ಬೆಳಿಗ್ಗೆ ಹನ್ನೊಂದಕ್ಕೆ. ಹೆಂಗೂ ಇವತ್ತು ಮಗ್ಗ ಇಲ್ಲ, ಹೋಗಿ ಮಾರಯ್ಯನ್ನ ಬಿಡಿಸ್ಕೊಂಡು ಬರ್ತೀನಿ ಕಣವ್ವ ಅಂದ. ತಲೆಗೆ ಟವೆಲ್ ಸುತ್ಕೊಂಡು ಹಿತ್ತಲಿಂದ ಹೋದ. ಬರ್ಲಿಲ್ಲ."

"ಮೂರು ದಿನ ಯಾರಿಗೂ ಹೇಳಲಿಲ್ಲವಾ?"

"ಏನಂತ ಹೇಳ್ಲಿ?" ಶಾಂತಕುಮಾರಿಯ ದನಿ ಮೊದಲ ಬಾರಿಗೆ ಒಡೆಯಿತು. "ಸತ್ತೋರು ಕಾಣ್ತಿಲ್ಲ ಅಂತ ಕಂಪ್ಲೇಂಟ್ ಕೊಡ್ಲಾ? ಮಗ್ಗ ನಿಂತ್ರೆ, ಇಷ್ಟು ದಿನ ನೇಯ್ದೋರು ಅವರೇ ಅಂತ ಓಣೀಗೆ ಗೊತ್ತಾಗ್ತೈತೆ. ಸೂರಪ್ಪಗೆ ಗೊತ್ತಾಗ್ತೈತೆ. ಸದ್ದು ಇದ್ರೆ ನನಗೆ ಅವರು ಇದ್ದಂಗೆ. ಹಬ್ಬ ಅಂತನೂ ನೋಡ್ಲಿಲ್ಲ, ನೇಯ್ದೆ. ನನ್ನ ಕೈಗೆ ಬರಲ್ಲ ಅಂತ ಗೊತ್ತು. ನೇಯ್ದೆ."

ಚಿಕ್ಕಕ್ಕ ಬಾಗಿಲು ಬಿಟ್ಟು ಒಳಗೆ ಬಂದಳು. ಲಕ್ಷ್ಮೀದೇವಿಯ ಪಕ್ಕದಲ್ಲಿ, ನೆಲದ ಮೇಲೆ, ಸ್ವಲ್ಪ ದೂರ ಬಿಟ್ಟು ಕೂತಳು.

"ನನ್ನ ಮಗನ್ನ ಬಿಡಿಸಾಕೆ ಹೊರಟಿದ್ನಾ?" ಎಂದು ಕೇಳಿದಳು.

"ಹೂಂ."

ದಾಕ್ಷಾಯಿಣಿ ಅಮರೇಶನಿಗೆ ಮತ್ತೆ ಫೋನು ಮಾಡಿದಳು. ಮಾರಯ್ಯ ಎಂಟನೇ ತಾರೀಕು ಸಂಜೆಯಿಂದ ನಿಮ್ಮ ವಶದಲ್ಲಿದ್ದಾನೆ. ಪಾಲಾಕ್ಷ ಒಂಬತ್ತರಿಂದ ಹನ್ನೆರಡರವರೆಗೆ ನೇಯ್ದ ಬಟ್ಟೆ ನನ್ನ ಮುಂದಿದೆ, ಉದ್ದ ಒಂದು ಮೀಟರ್ ಎಪ್ಪತ್ತೆರಡು ಸೆಂಟಿಮೀಟರ್. ಹೆಂಡತಿ ಹೇಳಿಕೆ ಕೊಡುತ್ತಾಳೆ, ಎಂದಳು.

ಅಮರೇಶ ಅಂಕಿಗಳನ್ನು ಬರೆದುಕೊಂಡ. "ಎಳೆ ಎಣಿಸಿದೆ ಅಂದ್ರೆ ಕೋರ್ಟಲ್ಲಿ ನಗ್ತಾರೆ ಮೇಡಂ."

"ಹೆಂಡತಿ ಹೇಳಿಕೆಗೆ ನಗಲ್ಲ. ಹೆಣದ ಗುರುತು ಹಿಡಿದದ್ದು ಅವಳೊಬ್ಬಳೇ."

"ಅದು ಸರಿ." ಕುರ್ಚಿ ಸರಿದ ಸದ್ದು. "ಮೂರು ಗಂಟೆಯೊಳಗೆ ಆಯಮ್ಮನ್ನ ಕರ್ಕೊಂಡು ಬನ್ನಿ. ವಕೀಲರಿಗೆ ನಾನೇ ಹೇಳ್ತೀನಿ. ಮಾರಯ್ಯ ಮನೆಗೆ ಹೋಗ್ತಾನೆ ಅನ್ಸುತ್ತೆ. ಆದ್ರೆ ಮೇಡಂ, ಮಣ್ಣು ಮಾಡಿದ್ದು ಯಾರನ್ನ?"

ಅದನ್ನು ಪೊಲೀಸರೇ ಹುಡುಕಬೇಕು ಎಂದು ಹೇಳಿ ಅವಳು ಫೋನು ಇಟ್ಟಳು.

ಚಿಕ್ಕಕ್ಕನಿಗೆ ಹೇಳಿದಾಗ ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಕೈ ತೆಗೆದಾಗ ಮುಖದಲ್ಲಿ ಸಂತೋಷ ಇರಲಿಲ್ಲ. ಶಾಂತಕುಮಾರಿಗೆ, "ಏಳವ್ವ, ಮುಖ ತೊಳ್ಕೊ. ಬಸ್ಸಿಗೆ ಹೊತ್ತಾಗ್ತೈತೆ," ಎಂದಳು.

ಶಾಂತಕುಮಾರಿ ಹಿತ್ತಲಿಗೆ ಹೋದಳು. ಹೇಳಿಕೆಯ ಜೊತೆ ಕೊಡಲು ದಾಕ್ಷಾಯಿಣಿ ಪ್ರತಿ ದಿನದ ಅಳತೆ ಬರೆದುಕೊಳ್ಳತೊಡಗಿದಳು. ಒಂಬತ್ತನೇ ತಾರೀಕು, ನಲವತ್ತೊಂದು ಸೆಂಟಿಮೀಟರ್. ಹತ್ತು, ನಲವತ್ತನಾಲ್ಕು. ಹನ್ನೊಂದು, ನಲವತ್ತಮೂರು. ಹನ್ನೆರಡು, ನಲವತ್ತನಾಲ್ಕು. ಹನ್ನೆರಡರ ಬಿಳಿ ಗಂಟಿನ ಮೇಲೆ ಪಟ್ಟಿಯ ತುದಿ ಇಟ್ಟಳು.

ಪಕ್ಕದಲ್ಲಿ ಕೆಂಪು ಗಂಟು ಇರಲಿಲ್ಲ.

ಇತ್ತು. ಆದರೆ ಅಂಟಿಕೊಂಡಿರಲಿಲ್ಲ. ಉಳಿದ ಎಲ್ಲ ದಿನಗಳ ಬಿಳಿ ಕೆಂಪು ಗಂಟುಗಳು ಒಂದಕ್ಕೊಂದು ತಾಗಿ ಕೂತಿದ್ದವು. ಹನ್ನೆರಡರ ಸಂಜೆಯ ಬಿಳಿಗೂ, ಹದಿನಾಲ್ಕರ ಬೆಳಗಿನ ಕೆಂಪಿಗೂ ನಡುವೆ ಮಾತ್ರ ಒಂದು ಚೂರು ಬಟ್ಟೆ.

ಅವಳು ಕಣ್ಣುಜ್ಜಿಕೊಂಡು ಗಾಜು ತೆರೆದಳು.

"ಲಕ್ಷ್ಮೀದೇವಮ್ಮ, ಅಮಾವಾಸ್ಯೆ ದಿನ ಮಗ್ಗಕ್ಕೆ ಯಾರು ಕೂತಿದ್ದರು?"

"ಅಮಾಸೆ ದಿನ ಯಾರು ಕೂಡ್ತಾರೆ? ಪೂಜೆ ಮಾಡಿ ಬಟ್ಟೆ ಹೊದಿಸಿದ್ವಿ."

"ಮನೇಲಿ ಯಾರಿದ್ದರು?"

"ಮಧ್ಯಾಹ್ನ ಮೂರರಿಂದ ಐದೂವರೆವರೆಗೆ ಯಾರೂ ಇಲ್ಲ. ಮಣ್ಣು ಮಾಡಿದ ಜಾಗಕ್ಕೆ ಎಡೆ ಇಡಾಕೆ ಹೋಗಿದ್ವಿ." ಲಕ್ಷ್ಮೀದೇವಿ ಕೈ ಚೆಲ್ಲಿದಳು. "ಓಣಿಯೋರೆಲ್ಲ ಹೊಂಟಿದ್ರು, ಬೇಡ ಅನ್ನಾಕೆ ಆಗ್ಲಿಲ್ಲ. ಯಾವ ತಾಯಿ ಮಗನೋ. ಅವನಿಗೂ ಒಂದು ಹಿಡಿ ಅನ್ನ ಬೇಕಲ್ಲ."

"ವಾಪಸ್ ಬಂದಾಗ ಮಗ್ಗದ ಮೇಲಿನ ಬಟ್ಟೆ?"

"ಹೊದಿಸಿದಂಗೇ ಇತ್ತು."

ಮುಖ ತೊಳೆದು ಬಂದ ಶಾಂತಕುಮಾರಿ ಬಾಗಿಲಲ್ಲಿ ನಿಂತಳು. "ಪಾಡ್ಯದ ಬೆಳಿಗ್ಗೆ ಕೆಂಪು ಕಟ್ಟುವಾಗ ನೋಡ್ದೆ ಮೇಡಂ. ಬಿಳಿ ಗಂಟು ಹಿಂದಕ್ಕೆ ಸರಿದೈತೆ ಅಂದ್ಕೊಂಡೆ."

"ಗಂಟು ಸರಿದಿಲ್ಲ."

ದಾಕ್ಷಾಯಿಣಿ ಆ ಚೂರಿನ ಎಳೆಗಳನ್ನು ಎರಡು ಸಲ ಎಣಿಸಿದಳು. ಇಪ್ಪತ್ತು ಎಳೆ. ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ ಮೂವತ್ತಮೂರಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟು ಬಿಗಿಯಾಗಿ ಬಡಿಯುವ ಹೆಗಲು ಈ ಮನೆಯಲ್ಲಿ ಒಂದೇ. ಬೆಳಿಗ್ಗೆ ಹನ್ನೊಂದಕ್ಕೆ ಹಿತ್ತಲಿಂದ ಹೋದವನು, ಓಣಿಯೆಲ್ಲ ಅವನ ಸಮಾಧಿಯ ಮುಂದೆ ಕೈಮುಗಿದು ನಿಂತಿದ್ದ ಹೊತ್ತಿನಲ್ಲಿ ತಿರುಗಿ ಬಂದು, ಹುಟ್ಟಿದಾಗಿನಿಂದ ಯಾವ ಅಮಾವಾಸ್ಯೆಯಲ್ಲೂ ಮುಟ್ಟದ ಮಗ್ಗಕ್ಕೆ ಕೂತಿದ್ದ. ತಾನಾಗಿ ಕೂತಿದ್ದನೋ, ಯಾರಾದರೂ ಕೂರಿಸಿದ್ದರೋ.

ಅವಳು ಗಾಜನ್ನು ಆಚೆಯ ಅಂಚಿಗೆ ಸರಿಸಿದಳು. ಹಸಿರು ಕೆಂಪು ಸೇರುವ ಕಡೆ ಇಪ್ಪತ್ತು ಎಳೆಗೂ ಇಪ್ಪತ್ತು ಕೊಂಡಿ. ಒಂದೂ ತಪ್ಪಿರಲಿಲ್ಲ. ಲಕ್ಷ್ಮೀದೇವಿಯ ಕೊಂಡಿಗಳಿಗಿಂತ ನಯ, ಬಿಗಿ. ಕುಣಿಯಲ್ಲಿ ಕೂತವನ ಕೈ ಅಲ್ಲಿಗೆ ನಿಲುಕುವುದಿಲ್ಲ.

"ಏನೈತೆ ಅಲ್ಲಿ ಅಮ್ಮಾರೆ?" ಚಿಕ್ಕಕ್ಕ ಕೇಳಿದಳು.

"ಪಾಲಾಕ್ಷನ ಪಕ್ಕ ಇನ್ನೊಬ್ಬರು ಕೂತಿದ್ದರು. ನೇಯ್ಗೆ ಚೆನ್ನಾಗಿ ಬಲ್ಲವರು. ಅವನು ಆಮೇಲೆ ಎಲ್ಲಿಗೆ ಹೋದ ಅಂತ ಅವರಿಗೆ ಗೊತ್ತಿರುತ್ತೆ."

ಅವಳು ಉಕ್ಕಿನ ಪಟ್ಟಿಯನ್ನು ಮತ್ತೊಮ್ಮೆ ಒತ್ತಿ ಹಿಡಿದು, ಹದಿಮೂರನೇ ತಾರೀಕಿನ ಮುಂದೆ ಬಿಟ್ಟಿದ್ದ ಖಾಲಿ ಜಾಗದಲ್ಲಿ ಅಳತೆ ಬರೆದಳು.

ಆರು ಮಿಲಿಮೀಟರ್.